ನಲ್ಲಮಲೆಯ ದಾರಿಗೆ ನೀರಿನ ಲೆಕ್ಕ

ಕೃಷ್ಣೆಯ ಮಗ್ಗುಲಲ್ಲಿ ಹುಟ್ಟಿ ಬೆಳೆದ ನಮಗೆ ಶ್ರೀಶೈಲವು ಪರಸ್ಥಳವೆಂದು ಎಂದಿಗೂ ತೋರಿದ್ದಿಲ್ಲ. ರಬಕವಿ-ಬನಹಟ್ಟಿಯ ಮಗ್ಗಗಳ ಸಪ್ಪಳವನ್ನು ಕೇಳಿ, ಜಮಖಂಡಿ ಸೀಮೆಯ ಕಬ್ಬಿಗೆ ನೀರುಣಿಸಿ, ಬೀಳಗಿ ತಾಲೂಕಿನ ಗಲಗಲಿಯನ್ನು ಹಾಯ್ದು ಸಾಗುವ ನದಿ ಅದು. ಮುಧೋಳದ ನೆಲವನ್ನು ತೋಯಿಸಿ ಬರುವ ಘಟಪ್ರಭೆಯೂ ಚಿಕ್ಕಸಂಗಮದಲ್ಲಿ ಆಕೆಯನ್ನೇ ಕೂಡುತ್ತಾಳೆ. ಹೀಗೆ ನಮ್ಮ ನಾಲ್ಕೂ ಊರುಗಳ ನೀರು ಒಂದಾಗಿ, ಕೂಡಲಸಂಗಮವನ್ನು ದಾಟಿ, ರಾಯಚೂರು ಸೀಮೆಯನ್ನು ಕಳೆದು, ಕಡೆಗೆ ಪಾತಾಳಗಂಗೆಯೆಂಬ ಹೆಸರು ಹೊತ್ತು ಮಲ್ಲಿಕಾರ್ಜುನನ ಪರ್ವತದ ಬುಡದಲ್ಲಿ ಹರಿಯುತ್ತದೆ. ನದಿಗೆ ದಾರಿ ಗೊತ್ತಿದೆ. ಮನುಷ್ಯನಿಗೆ ಮಾತ್ರ ಆ ದಾರಿಯನ್ನು ಪ್ರತಿ ವರ್ಷವೂ ಹೊಸದಾಗಿ ಕಲಿಯಬೇಕಾಗುತ್ತದೆ.

ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ, ಹಿಂಗಾರಿ ಜೋಳದ ರಾಶಿ ಮುಗಿದು, ಕಬ್ಬಿನ ಗಾಣಗಳ ಗದ್ದಲ ತಗ್ಗಿದ ಮೇಲೆ, ನಮ್ಮ ಭಾಗದ ಊರೂರುಗಳಿಂದ ಮಲ್ಲಯ್ಯನ ಕಂಬಿಗಳು ಹೊರಡುವುದನ್ನು ವಾಚಕರು ಬಲ್ಲರು. ಯುಗಾದಿಯ ಹೊತ್ತಿಗೆ ಶ್ರೀಶೈಲವನ್ನು ಮುಟ್ಟಬೇಕೆಂಬುದು ಹರಕೆ. ಬಳಗಬಳಗಕ್ಕೂ ದಾರಿ ತುಸು ಬೇರೆ. ಆದರೂ ಬಾಗಲಕೋಟೆ, ಹುನಗುಂದ, ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರುಗಳ ದಿಕ್ಕು ಬಹುಮಂದಿಯದು. ಸುಮಾರು 500 ಕಿ.ಮೀ. ನಡಿಗೆ, ದಿನಕ್ಕೆ 30ರಿಂದ 35 ಕಿ.ಮೀ. ನಡೆದರೆ ಒಂದು ಪಕ್ಷದ ಪ್ರವಾಸ. ಕೆಲವರು ಬರಿಗಾಲಿನಲ್ಲಿ ನಡೆಯುತ್ತಾರೆ. ಮರಗಾಲು ಕಟ್ಟಿಕೊಂಡು ಹೋಗುವವರನ್ನೂ ನಾನು ಕಂಡಿದ್ದೇನೆ. ಕನ್ನಡ ನಾಡಿನ ಯಾತ್ರಿಕರು ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದೇ ಬಗೆಯುತ್ತಾರೆ. ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಆದ್ದರಿಂದ ಸೀರೆ, ಅರಿಸಿನ, ಕುಂಕುಮಗಳ ಗಂಟು ಅವರ ತಲೆಯ ಮೇಲಿರುತ್ತದೆ.

ಮುಂಬರುವ ಯುಗಾದಿಗೆ ಹೊರಡಲಿರುವ ಒಂದು ಬಳಗವು ದೀಪಾವಳಿ ಮುಗಿದ ವಾರದಲ್ಲಿಯೇ ಬನಹಟ್ಟಿಯ ಒಬ್ಬ ನೇಕಾರರ ಮನೆಯಲ್ಲಿ ಸೇರಿತ್ತು. ನಾಲ್ಕೂ ಊರುಗಳಿಂದ ಒಟ್ಟು 38 ಮಂದಿ. ಅವರಲ್ಲಿ 11 ಮಂದಿ ಹೆಣ್ಣುಮಕ್ಕಳು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ನಾಲ್ಕಕ್ಷರ ಕಲಿತವನೆಂಬ ಕಾರಣಕ್ಕೆ ನನ್ನನ್ನೂ ಕರೆಸಿದ್ದರು. ಸಂಕಲ್ಪದ ವಿಧಿಯನ್ನೂ ಕ್ಷೇತ್ರದ ಮಹಿಮೆಯನ್ನೂ ಹೇಳುವೆನೆಂದು ಅವರು ನಿರೀಕ್ಷಿಸಿದ್ದರು. ನಾನು ಹೇಳಿದ್ದು ಬೇರೆ. ಅದನ್ನೇ ಇಲ್ಲಿ ನಿವೇದಿಸುತ್ತಿದ್ದೇನೆ.

ರಾಯಚೂರಿನವರೆಗಿನ ನಡಿಗೆಗೆ ವಿಶೇಷ ಯೋಜನೆ ಬೇಕಿಲ್ಲ. ದಾರಿಯುದ್ದಕ್ಕೂ ಊರುಗಳಿವೆ, ಊರುಗಳಲ್ಲಿ ದಾಸೋಹವಿದೆ. ಹಸಿದವನನ್ನು ಕೈಹಿಡಿದು ಕರೆದು ಕೂಡ್ರಿಸಿ ಉಣಬಡಿಸುವ ತಾಯಂದಿರಿದ್ದಾರೆ. ಕಟ್ಟಿಕೊಂಡು ಹೋದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಗಳು ಎಷ್ಟೋ ವೇಳೆ ಹಾಗೆಯೇ ಉಳಿಯುತ್ತವೆ. ಕರ್ನೂಲನ್ನು ದಾಟಿ ಆತ್ಮಕೂರಿಗೆ ಬಂದಾಗ ನೆಲದ ರೀತಿ ಬದಲಾಗುತ್ತದೆ. 2022ರಲ್ಲಿ ರಚನೆಯಾದ ನಂದ್ಯಾಲ ಜಿಲ್ಲೆಗೆ ಸೇರಿದ ಈ ಊರಿನ ಸಮೀಪದ ವೆಂಕಟಾಪುರದಿಂದ ಮುಂದೆ ನಲ್ಲಮಲೆಯ ಅರಣ್ಯ. ವೆಂಕಟಾಪುರದಿಂದ ನಾಗಲೂಟಿ, ನಾಗಲೂಟಿಯಿಂದ ಪೆದ್ದಚೆರುವು, ಅಲ್ಲಿಂದ ಭೀಮುನಿಕೊಲನು, ಅದನ್ನು ಇಳಿದು ಹತ್ತಿದರೆ ಕೈಲಾಸದ್ವಾರ. ಒಟ್ಟು ಸುಮಾರು 40 ಕಿ.ಮೀ. 500ರಲ್ಲಿ 40 ಎಂದರೆ ಹನ್ನೆರಡರಲ್ಲೊಂದು ಪಾಲು. ಯಾತ್ರೆಯ ಭಾರವೆಲ್ಲ ಆ ಒಂದು ಪಾಲಿನಲ್ಲಿದೆ.

'ನಲ್ಲ' ಎಂದರೆ ತೆಲುಗಿನಲ್ಲಿ ಕಪ್ಪು. ನಲ್ಲಮಲೆಯೆಂದರೆ ಕರಿಯ ಬೆಟ್ಟ. ಹೆಸರು ಕೇಳಿದವರು ದಟ್ಟವಾದ ತಂಪು ನೆರಳನ್ನು ಕಲ್ಪಿಸಿಕೊಳ್ಳುತ್ತಾರೆ. ಇದು ಎಲೆ ಉದುರುವ ಕಾಡು. ತೇಗ, ಮತ್ತಿ, ಬಿದಿರುಗಳು ಫಾಲ್ಗುಣದ ಹೊತ್ತಿಗೆ ಬೋಳಾಗಿ ನಿಂತಿರುತ್ತವೆ. ಯಾತ್ರಿಕನು ನೆರಳನ್ನು ಬಯಸುವ ಕಾಲಕ್ಕೇ ಕಾಡು ನೆರಳನ್ನು ಕಳೆದುಕೊಂಡಿರುತ್ತದೆ. ಹಳ್ಳಗಳು ಬತ್ತಿರುತ್ತವೆ. ಬಂಡೆಗಳು ಬೆಳಗಿನ ಹತ್ತು ಗಂಟೆಗೇ ಕಾದು ಕಾಲು ಸುಡುತ್ತವೆ. ಹುಲಿ, ಚಿರತೆ, ಕರಡಿಗಳ ನಾಡು ಇದು. 1983ರಲ್ಲಿ ಹುಲಿ ಯೋಜನೆಗೆ ಸೇರಿದ ನಾಗಾರ್ಜುನಸಾಗರ-ಶ್ರೀಶೈಲ ಅರಣ್ಯವು ದೇಶದ ಅತಿ ವಿಸ್ತಾರವಾದ ಹುಲಿ ಸಂರಕ್ಷಿತ ಪ್ರದೇಶವೆನಿಸಿತ್ತು. 2014ರಲ್ಲಿ ರಾಜ್ಯ ಇಬ್ಭಾಗವಾದಾಗ ಅರಣ್ಯವೂ ಎರಡು ಪಾಲಾಯಿತು. ಈ ಕಾಡಿನ ಮೂಲ ನಿವಾಸಿಗಳು ಚೆಂಚು ಜನರು. ಬೇಟೆಯಿಂದಲೂ ಗೆಡ್ಡೆಗೆಣಸು, ಜೇನುಗಳಿಂದಲೂ ಬಾಳು ನಡೆಸುತ್ತ ಬಂದವರು. ಅವರ ಬಾಯಿಯಲ್ಲಿ ಮಲ್ಲಿಕಾರ್ಜುನನು ಚೆಂಚು ಮಲ್ಲಯ್ಯ, ತಮ್ಮ ಮನೆಯ ಅಳಿಯ.

ಈ ದುರ್ಗಮತೆಯನ್ನು ಹಿಂದಿನವರು ಅರಿತಿದ್ದರು. ಶ್ರೀಶೈಲಕ್ಕೆ ನಾಲ್ಕು ದ್ವಾರಗಳನ್ನು ಹೇಳುವುದುಂಟು: ಮೂಡಲಿಗೆ ತ್ರಿಪುರಾಂತಕ, ತೆಂಕಲಿಗೆ ಸಿದ್ಧವಟ, ಪಡುವಲಿಗೆ ಆಲಂಪುರ, ಬಡಗಲಿಗೆ ಉಮಾಮಹೇಶ್ವರ. ಇವು ಪೂಜಾಸ್ಥಾನಗಳು. ಕಾಡು ಹೊಗುವ ಮೊದಲು ಯಾತ್ರಿಕನು ನಿಂತು, ದಣಿವಾರಿಸಿ, ಜೊತೆಗಾರರನ್ನು ಕೂಡಿಕೊಳ್ಳುವ ನೆಲೆಗಳೂ ಆಗಿದ್ದಿರಬೇಕೆಂದು ನನಗೆ ತೋರುತ್ತದೆ. 14ನೆಯ ಶತಮಾನದಲ್ಲಿ ಪ್ರೋಲಯ ವೇಮಾರೆಡ್ಡಿಯು ಶ್ರೀಶೈಲಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದನು. ಕ್ರಿ.ಶ. 1393ರಲ್ಲಿ ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆಯು ಪಾತಾಳಗಂಗೆಗೆ ಇಳಿಯುವ ಸೋಪಾನವನ್ನು ಮಾಡಿಸಿದಳು. ಗೋಪುರ ಕಟ್ಟಿಸಿದವರ ಕೀರ್ತಿ ದೊಡ್ಡದು. ಮೆಟ್ಟಿಲು ಕಟ್ಟಿಸಿದವರ ಉಪಕಾರವನ್ನು ಯಾತ್ರಿಕನ ಮೊಣಕಾಲು ಬಲ್ಲದು.

ಇನ್ನು ನನ್ನ ಮಾತು. 1986ರಲ್ಲಿ, ನನ್ನ 25ನೆಯ ವಯಸ್ಸಿನಲ್ಲಿ, ಮೊದಲ ಬಾರಿಗೆ ಈ ದಾರಿಯನ್ನು ತುಳಿದೆ. ನಮ್ಮದು 31 ಮಂದಿಯ ಬಳಗ. ಓದಿದವನೆಂಬ ಗೌರವದಿಂದ ಹಿರಿಯರು ಹೊತ್ತುಗೊತ್ತುಗಳ ಹೊಣೆಯನ್ನು ನನಗೆ ಒಪ್ಪಿಸಿದ್ದರು. ನಾಗಲೂಟಿಯ ವೀರಭದ್ರನ ಸನ್ನಿಧಿಯಲ್ಲಿ ಬೆಳಗಿನ ಪಾರಾಯಣವನ್ನು ನಾನು ಬೇಕೆಂದೇ ಲಂಬಿಸಿದೆ. ಕಂಠ ಚೆನ್ನಾಗಿತ್ತು, ಕೇಳುವವರು ತಲೆದೂಗುತ್ತಿದ್ದರು. ನಸುಕಿನಲ್ಲಿ ಹೊರಡಬೇಕಾದ ಬಳಗ ಹೊರಟಾಗ ಬಿಸಿಲು ಏರಿತ್ತು. ಬನಹಟ್ಟಿಯ ಒಬ್ಬ ಹಿರಿಯ ನೇಕಾರರು ಹಿತ್ತಾಳೆಯ ಎರಡು ಕೊಡ ನೀರನ್ನು ಅಡ್ಡೆಯಲ್ಲಿ ಹೊರಲು ಸಿದ್ಧರಾಗಿದ್ದರು. "ಕಾಕಾ, ಮುಂದ ಕುಂಟಿ ಐತಿ, ನೀರು ಸಿಗತೈತಿ. ಮಲ್ಲಯ್ಯನ ಹಾದ್ಯಾಗ ಇಷ್ಟು ಅನುಮಾನ ಯಾಕ?" ಎಂದು ನಾನು ನಕ್ಕೆ. ಅವರು ನನ್ನ ಮುಖ ನೋಡಿ, ಮರುಮಾತಾಡದೆ ಒಂದು ಕೊಡವನ್ನು ಅಲ್ಲಿಯೇ ಬಿಟ್ಟರು.

ಕುಂಟೆ ಬತ್ತಿತ್ತು. ತಳದ ಕೆಸರು ಬಿರಿದು ಹಪ್ಪಳದಂತಾಗಿತ್ತು. ಇದ್ದ ಒಂದು ಕೊಡ ನೀರು 31 ಗಂಟಲುಗಳಿಗೆ ಎಷ್ಟು ಹೊತ್ತು ಬಂದೀತು? ಮಧ್ಯಾಹ್ನದ ಎರಡರ ಸುಮಾರಿಗೆ ಆ ಹಿರಿಯರು ನಡೆಯುತ್ತ ನಡೆಯುತ್ತಲೇ ಕುಸಿದರು. ಮೈ ಕೆಂಡದಂತೆ ಸುಡುತ್ತಿತ್ತು, ಬೆವರು ನಿಂತಿತ್ತು, ಮಾತು ತೊದಲಿತು. ಆಗ ಬೆನ್ನಿಗೆ ಬಿಲ್ಲು ಏರಿಸಿಕೊಂಡಿದ್ದ ಒಬ್ಬ ಚೆಂಚು ಮುದುಕ ದಾರಿಯಲ್ಲಿ ಎದುರಾದನು. ನನಗೆ ತೆಲುಗು ಬಾರದು. ಅವನಿಗೆ ಸಂಸ್ಕೃತ ಬೇಕಿಲ್ಲ. ನಾನು ಕಲಿತ ವ್ಯಾಕರಣ, ತರ್ಕಗಳು ಅಲ್ಲಿ ಒಂದು ಬೊಗಸೆ ನೀರನ್ನೂ ತಂದುಕೊಡಲಿಲ್ಲ. ಮಲಗಿದ್ದ ಹಿರಿಯರನ್ನು ನೋಡಿದೊಡನೆಯೇ ಅವನಿಗೆ ಎಲ್ಲವೂ ತಿಳಿಯಿತು. ಒಣಗಿದ ಹಳ್ಳದ ತಿರುವಿನಲ್ಲಿ ಒಂದೆಡೆ ಮೊಣಕೈ ಆಳಕ್ಕೆ ಉಸುಕನ್ನು ತೋಡಿದನು. ಸ್ವಲ್ಪ ಹೊತ್ತಿನಲ್ಲಿ ತಳದಲ್ಲಿ ಒರತೆ ಕಂಡಿತು. ನಾವು ಅದರ ಮೇಲೆ ಪಂಚೆಯ ಸೆರಗು ಹಾಕಿ ಸೋಸಿ ಸೋಸಿ ಕುಡಿಸಿದೆವು.

ಹಿರಿಯರು ಬದುಕಿದರು. ಮುಂದೆ ನಡೆಯುವ ತ್ರಾಣ ಮಾತ್ರ ಉಳಿಯಲಿಲ್ಲ. ಎರಡು ಬಿದಿರಿಗೆ ಕಂಬಳಿ ಕಟ್ಟಿ ಅವರನ್ನು ನಾಗಲೂಟಿಗೆ ಮರಳಿ ಹೊತ್ತೊಯ್ದೆವು. ಬೀಳ್ಕೊಡುವಾಗ ಅವರು ತಮ್ಮ ಗಂಟಿನಿಂದ ಒಂದು ಸೀರೆಯನ್ನು ತೆಗೆದು ನನ್ನ ಕೈಗಿತ್ತರು. ತಾಯಿಗೆಂದು ತಮ್ಮ ಕುಣಿಮಗ್ಗದಲ್ಲಿ ತಾವೇ ನೆಯ್ದದ್ದು. ನಾನು ಅದನ್ನು ಭ್ರಮರಾಂಬೆಗೆ ಒಪ್ಪಿಸಿದೆ. ಊರಿಗೆ ಬಂದು ಅವರ ಮನೆಯವರಿಗೆ, "ಮಲ್ಲಯ್ಯನ ಇಚ್ಛೆ ಹಾಗಿತ್ತು" ಎಂದು ಹೇಳಿದೆ. ಅವರು ಅದೇ ಶ್ರಾವಣದಲ್ಲಿ ಲಿಂಗೈಕ್ಯರಾದರು. ನಾನು ಬಿಡಿಸಿದ ಕೊಡದ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ದೀಪಾವಳಿಯ ಮರುವಾರ ನಾವು ಸೇರಿದ್ದು ಅವರ ಮನೆಯಲ್ಲಿಯೇ. ಅವರ ಮೊಮ್ಮಗಳು ಈಗ ಶಾಲಾ ಶಿಕ್ಷಕಿ, ಇದೇ ಬಳಗದೊಂದಿಗೆ ಹೊರಟವಳು. ಚಹಾ ಕೊಟ್ಟು ಎದುರಿಗೆ ಕುಳಿತು, "ಕಾಕಾ, ನಮ್ಮ ಮುತ್ಯಾ ಶ್ರೀಶೈಲಾ ಮುಟ್ಟಲಿಲ್ಲಂತ ಅವ್ವ ಹೇಳತಿದ್ಲು. ಯಾಕ ಮುಟ್ಟಲಿಲ್ರಿ?" ಎಂದು ಕೇಳಿದಳು. ನಾಲ್ಕು ದಶಕಗಳ ಹಳೆಯ ಉತ್ತರ ನಾಲಗೆಯ ತುದಿಗೆ ಬಂದಿತ್ತು. ಅಷ್ಟು ಮಂದಿಯ ಪ್ರಾಣದ ಮಾತು ಮುಂದಿರುವಾಗ ಆ ಉತ್ತರ ಸಲ್ಲದೆನಿಸಿತು. ಇದ್ದದ್ದನ್ನು ಇದ್ದ ಹಾಗೆ ಎಲ್ಲರೆದುರಿಗೇ ಹೇಳಿದೆ. ತಪ್ಪು ಬಿಸಿಲಿನದಲ್ಲ, ಕಾಡಿನದಲ್ಲ, ದೇವರದಂತೂ ಅಲ್ಲ, ನನ್ನದು ಎಂದೆ. ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಪಕ್ಕದ ಮನೆಯ ಮಗ್ಗದ ಸದ್ದಷ್ಟೇ ಕೇಳುತ್ತಿತ್ತು. ಆಕೆ ತಲೆ ತಗ್ಗಿಸಿ ತುಸು ಹೊತ್ತು ಕುಳಿತಿದ್ದು, ಒಳಗೆ ಹೋಗಿ ಒಂದು ನೋಟುಪುಸ್ತಕ ತಂದು ನನ್ನ ಮುಂದಿಟ್ಟಳು. "ಹಂಗಾರ ಈ ಸಲ ನೀರಿನ ಲೆಕ್ಕಾ ನೀವ ಬರೀರಿ, ಕಾಕಾ" ಎಂದಳು.

ಆ ಲೆಕ್ಕಕ್ಕೆ ನೆರವು ದೂರದಿಂದ ಬಂದಿತೆಂಬುದನ್ನು ಹೇಳಬೇಕು. ಮುಧೋಳದ ನಮ್ಮ ಬಂಧುವೊಬ್ಬರ ಮಗ ಕೆನಡಾ ದೇಶದ ಬಡಗಣ ಭಾಗದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿ ಚಳಿಗಾಲದಲ್ಲಿ ಊರು-ದಾರಿಗಳೆಲ್ಲ ಹಿಮದಲ್ಲಿ ಹೂತುಹೋಗುತ್ತವೆ. ಆಗ ಜನರು ಸ್ನೋಮೊಬೈಲ್ ಎಂಬ, ಹಿಮದ ಮೇಲೆ ಓಡುವ ಬಂಡಿಗಳನ್ನೇರಿ ನಿರ್ಜನ ಅರಣ್ಯಗಳನ್ನು ದಾಟುತ್ತಾರೆ. ಈ ಬಂಡಿಯ ಹಿಂದೆ ಒಂದು ದುಃಖದ ಕಥೆಯಿದೆ. ಕ್ವಿಬೆಕ್ ಪ್ರಾಂತದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬ ಯಂತ್ರಶಿಲ್ಪಿಯ ಎರಡು ವರ್ಷದ ಮಗು 1934ರ ಚಳಿಗಾಲದಲ್ಲಿ ಕಾಯಿಲೆ ಬಿದ್ದಿತು. ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ವಾಹನಕ್ಕಾಗಿ ಆಗಲೇ ಶ್ರಮಿಸುತ್ತಿದ್ದ ಆತನು 1937ರಲ್ಲಿ ಅಂಥ ವಾಹನಕ್ಕೆ ಹಕ್ಕುಪತ್ರ ಪಡೆದನು. 1959ರಲ್ಲಿ ಒಬ್ಬಿಬ್ಬರು ಏರುವ ಹಗುರ ಬಂಡಿಯನ್ನೂ ಹೊರತಂದನು.

ನಮ್ಮ ಹುಡುಗನನ್ನು ದೂರವಾಣಿಯಲ್ಲಿ ಕೇಳಿದೆ: "ತಮ್ಮಾ, ನೀವು ಅಂಥ ಕಾಡಿಗೆ ಹೋಗುವಾಗ ಏನು ಸಿದ್ಧತೆ ಮಾಡುತ್ತೀರಿ?" ಅವನ ಉತ್ತರ ಹೀಗಿತ್ತು. ಒಬ್ಬನೇ ಹೋಗುವುದಿಲ್ಲ. ಯಾವ ದಾರಿ, ಯಾವ ಹೊತ್ತಿಗೆ ಮರಳುವೆವು ಎಂಬುದನ್ನು ಊರಲ್ಲಿ ಒಬ್ಬರಿಗೆ ಬರೆದುಕೊಟ್ಟು ಹೋಗುತ್ತೇವೆ. ಇಂಧನವನ್ನು ಮೂರು ಪಾಲು ಮಾಡುತ್ತೇವೆ: ಹೋಗಲು ಒಂದು, ಬರಲು ಒಂದು, ಎಣಿಸದ ಆಪತ್ತಿಗೆ ಒಂದು. ಮೊದಲ ಪಾಲು ತೀರಿದಾಗ ಗುರಿ ಎಷ್ಟೇ ಹತ್ತಿರವಿರಲಿ, ಹಿಂದಿರುಗುತ್ತೇವೆ. ಹಿಮದ ನಾಡಿನ ಈ ಮಾತು ಬಿಸಿಲಿನ ನಾಡಿಗೂ ಸಲ್ಲುತ್ತದೆ. ಅಲ್ಲಿ ಇಂಧನ, ಇಲ್ಲಿ ನೀರು.

ನೋಟುಪುಸ್ತಕದಲ್ಲಿ ನಾವು ಬರೆದುಕೊಂಡದ್ದನ್ನು ಸಂಗ್ರಹಿಸಿ ಹೇಳುತ್ತೇನೆ. ಹೊರಡಲಿರುವ ಇತರ ಬಳಗಗಳಿಗೂ ಉಪಯೋಗವಾದೀತು. ಬೇಸಿಗೆಯ ಕಾಡಿನಲ್ಲಿ ನಡೆಯುವವನಿಗೆ ದಿನಕ್ಕೆ ಐದು ಲೀಟರು ನೀರೆಂದು ಹಿಡಿದರೆ 38 ಮಂದಿಗೆ 190 ಲೀಟರು, ಎರಡು ದಿನಕ್ಕೆ 380 ಲೀಟರು. ಇಷ್ಟನ್ನು ಹೊತ್ತು ನಡೆಯಲಾಗದು. ಆದ್ದರಿಂದ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವುಗಳಲ್ಲಿ ಮತ್ತೆ ಮತ್ತೆ ತುಂಬಿಕೊಳ್ಳಬೇಕು. ಯಾತ್ರೆಯ ದಿನಗಳಲ್ಲಿ ದೇವಸ್ಥಾನದವರೂ ದಾನಿಗಳೂ ನೀರಿನ ವ್ಯವಸ್ಥೆ ಮಾಡುತ್ತಾರೆ. ಆದರೂ ಅದನ್ನೇ ನಂಬಿ ಬರಿಗೈಯಲ್ಲಿ ಹೆಜ್ಜೆಯಿಡಬಾರದು. ಒಂದೊಂದು ನೆಲೆಯಿಂದ ಹೊರಡುವಾಗಲೂ ಪ್ರತಿಯೊಬ್ಬರ ಬಳಿ ಮೂರು ಲೀಟರು ಇರಲೇಬೇಕು. ಒಂದು ಮುಂದಿನ ದಾರಿಗೆ, ಒಂದು ಹಿಂದಿರುಗುವ ಪ್ರಸಂಗ ಬಂದರೆ ಅದಕ್ಕೆ, ಮೂರನೆಯದು ಜೊತೆಗಾರನಿಗೆ. ಮೂರನೆಯದನ್ನು ತನಗಾಗಿ ಕುಡಿಯಬಾರದೆಂಬುದನ್ನು ಹೆಣ್ಣುಮಕ್ಕಳೇ ಸೂಚಿಸಿದರು. ಉಪ್ಪು, ಸಕ್ಕರೆ, ನಿಂಬೆಹಣ್ಣುಗಳೂ ಜೊತೆಗಿರಬೇಕು.

ಕಾಡಿನ ದಾರಿಯನ್ನು ಅರಣ್ಯ ಇಲಾಖೆಯವರು ಅನುಮತಿಸಿದ ದಿನಗಳಲ್ಲಿ ಮಾತ್ರ ತುಳಿಯಬೇಕು. ದಿನಗಳನ್ನು ಮೊದಲೇ ವಿಚಾರಿಸಿ ಹೊರಡುವ ತಿಥಿಯನ್ನು ಗೊತ್ತುಪಡಿಸಬೇಕು. ನಸುಕಿನ ನಾಲ್ಕಕ್ಕೆ ಎದ್ದು, ಬೆಳಕು ಹರಿದೊಡನೆ ನಡೆದು, ಹನ್ನೊಂದಕ್ಕೆ ನೆರಳು ಹಿಡಿಯಬೇಕು. ಪಾರಾಯಣ ಸಂಜೆಗೆ ಇರಲಿ. ಇದನ್ನು ನಾನು ನನ್ನ ಕೈಯಿಂದಲೇ ಬರೆದೆ. ಕಾಡಿನೊಳಗೆ ಒಲೆ ಹೂಡಬಾರದು. ಒಣಗಿದ ತರಗೆಲೆಗೆ ಒಂದು ಕಿಡಿ ಸಾಕು. ಪ್ಲಾಸ್ಟಿಕ್ಕಿನ ಚೀಲ-ಶೀಶೆಗಳನ್ನು ಎಸೆಯದೆ ಮರಳಿ ತರಬೇಕು. ಮೊಬೈಲ್ ಅಲ್ಲಿ ಎಲ್ಲೆಡೆ ಮಾತಾಡುವುದಿಲ್ಲವಾದ್ದರಿಂದ ಹೆಸರು, ವಯಸ್ಸು, ಕಾಯಿಲೆ, ಮನೆಯವರ ಸಂಖ್ಯೆಗಳ ಪಟ್ಟಿಯೊಂದನ್ನು ಊರಿನಲ್ಲಿಯೂ ಇನ್ನೊಂದನ್ನು ಮುಂದಾಳುವಿನ ಬಳಿಯೂ ಇಡಬೇಕು. ಬಲಿಷ್ಠರಾದ ಇಬ್ಬರು ಎಲ್ಲರ ಹಿಂದೆ, ಕೈಯಲ್ಲಿ ಸೀಟಿ ಹಿಡಿದು ನಡೆಯಬೇಕು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಯೇ ಬಳಗದ ಹೆಜ್ಜೆ.

ಇನ್ನು ಭೀಮುನಿಕೊಲನು. ಪೆದ್ದಚೆರುವಿನ ಕಡೆಯಿಂದ ಬಂದವರು ಇಲ್ಲಿ ಆಳವಾದ ಕಣಿವೆಗೆ ಮೆಟ್ಟಿಲುಗಳಲ್ಲಿ ಇಳಿದು, ಎದುರಿನ ಕಡಿದಾದ ಮೆಟ್ಟಿಲುಗಳನ್ನು ಏರಿ ಕೈಲಾಸದ್ವಾರವನ್ನು ಮುಟ್ಟಬೇಕು. ಬಾಯಾರಿದವರಿಗಾಗಿ ಭೀಮನು ಗದೆಯಿಂದ ಬಂಡೆಯನ್ನು ಹೊಡೆದು ನೀರು ತರಿಸಿದನೆಂದು ಐತಿಹ್ಯ. ಭೀಮನ ಗದೆಯನ್ನು ಕನ್ನಡ ಕಾವ್ಯದಲ್ಲಿ ಮೆರೆಸಿದ ರನ್ನ ನಮ್ಮ ಮುಧೋಳದವನೆಂಬುದನ್ನು ನೆನೆದಾಗ ದಾರಿ ಇನ್ನಷ್ಟು ಹತ್ತಿರವಾಗುತ್ತದೆ. ಆದರೆ ಕಥೆಯ ಉತ್ಸಾಹದಲ್ಲಿ ಕಣಿವೆಗೆ ಇಳಿದುಬಿಡಬಾರದು. ದಣಿದ ಕಾಲುಗಳು ಸೋಲುವುದು ಇಲ್ಲಿಯೇ. ಮಧ್ಯಾಹ್ನ ಮೂರು ಗಂಟೆಯ ಒಳಗೆ ಇಳಿಯಲಾರಂಭಿಸದಿದ್ದರೆ ಆ ದಿನ ಇಳಿಯುವುದು ಬೇಡ, ಹಿಂದಿನ ನೆಲೆಗೆ ಮರಳುವುದೆಂದು ನಿಶ್ಚಯಿಸಿದೆವು. "ಯುಗಾದಿ ತಪ್ಪಿದರೆ?" ಎಂದು ಜಮಖಂಡಿಯ ತರುಣನೊಬ್ಬ ಕೇಳಿದ. ಯುಗಾದಿ ಮುಂದಿನ ವರ್ಷವೂ ಬರುತ್ತದೆ ಎಂದೆ.

ಅಲ್ಲಮ, ಸಿದ್ಧರಾಮ, ಅಕ್ಕಮಹಾದೇವಿಯವರ ಹೆಸರುಗಳು ಶ್ರೀಶೈಲದೊಂದಿಗೆ ಬೆರೆತಿವೆ. ಎಂಟು ಶತಮಾನಗಳ ಹಿಂದೆ ಒಬ್ಬ ಹೆಣ್ಣುಮಗಳು ಕಲ್ಯಾಣದಿಂದ ಈ ಗಿರಿಯ ಕದಳಿಗೆ ನಡೆದಳೆಂಬುದನ್ನು ನೆನೆದು ಎದೆ ತುಂಬಿ ಬರುತ್ತದೆ. ಅವರಂತೆ ನಾವೂ ಏನನ್ನೂ ಒಯ್ಯದೆ ನಡೆಯುವೆವೆಂಬ ಉಬ್ಬು ತರುಣರಿಗೆ ಸಹಜ, ನನಗೂ ಇತ್ತು. ತನ್ನ ದೇಹವೊಂದನ್ನೇ ಪಣಕ್ಕೊಡ್ಡಿ ನಡೆಯುವ ವಿರಾಗಿಯ ಮಾತು ಬೇರೆ. ಇತರರನ್ನು ಕರೆದೊಯ್ಯುವವನು ಅವರ ಬಾಯಾರಿಕೆಯನ್ನೂ ಹೊರಲೇಬೇಕು. ದಾಸೋಹವೆಂಬುದು ಊರೊಳಗಿನ ಪಂಕ್ತಿಗೆ ಮುಗಿಯುವಂಥದಲ್ಲ. ನಲ್ಲಮಲೆಯಲ್ಲಿ ಅದು ಹೆಗಲ ಮೇಲಿನ ಮೂರನೆಯ ಲೀಟರು.

ಸಭೆ ಮುಗಿಯುವ ಮುನ್ನ ಉಳಿದದ್ದು ನನ್ನ ಹೆಸರಿನ ಪ್ರಶ್ನೆ. ನನಗೀಗ 64. ಬಲ ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಎಲ್ಲರಿಗಿಂತ ನಿಧಾನದವನೇ ಬಳಗದ ಹೆಜ್ಜೆಯೆಂದು ಬರೆದ ಮೇಲೆ ಆ ನಿಧಾನದವನು ನಾನೇ ಆಗುವುದು ಸರಿಯೇ? ವೆಂಕಟಾಪುರದವರೆಗೆ ಬಳಗದೊಂದಿಗೆ ನಡೆಯುವೆನೆಂದೆ. ಅಲ್ಲಿ 37 ಮಂದಿಯನ್ನೂ ಅವರ ನೀರನ್ನೂ ಎಣಿಸಿ ಕಾಡಿಗೆ ಕಳುಹಿಸಿ, ನಾನು ದೋರ್ನಾಲದ ರಸ್ತೆಯಿಂದ ವಾಹನದಲ್ಲಿ ಶ್ರೀಶೈಲ ಸೇರಿ, ಕೈಲಾಸದ್ವಾರದಲ್ಲಿ ಒಂದು ಕೊಡ ನೀರಿಟ್ಟುಕೊಂಡು ಕಾಯುವೆನೆಂದೆ. ಹರಕೆ ಅರ್ಧಕ್ಕೆ ನಿಂತಂತಾಗದೇ ಎಂದು ಯಾರೋ ಕೇಳಿದರು. ಆ ಮಗಳೇ ನನ್ನ ಪರವಾಗಿ, "ಒಬ್ರು ಅಲ್ಲಿ ಕಾಯಾಕೂ ಬೇಕಲ್ರಿ" ಎಂದಳು.

ಹೊರಡುವಾಗ ಆಕೆ ಒಳಗಿನಿಂದ ಒಂದು ಹಿತ್ತಾಳೆಯ ಕೊಡವನ್ನು ತಂದು ತೋರಿಸಿದಳು. ಅಂದು ನಾಗಲೂಟಿಯಲ್ಲಿ ಬಿಟ್ಟದ್ದರ ಜೋಡಿ. ಬಾಯಿಯ ಅಂಚು ತುಸು ನೆಗ್ಗಿದೆ, ಸೋರುವುದಿಲ್ಲ. ಕೈಲಾಸದ್ವಾರಕ್ಕೆ ಅದನ್ನೇ ಒಯ್ಯುವುದೆಂದು ಮಾತಾಗಿದೆ. ನೇಕಾರರ ಮನೆಯ ಮಗ್ಗದ ಮೇಲೆ ತಾಯಿಯ ಸೀರೆ ಅರ್ಧ ನೆಯ್ದಿದೆ.

ಹೊರಡುವ ಎಲ್ಲ ಬಳಗಗಳಿಗೂ ಶುಭವಾಗಲಿ. ಶರಣು ಶರಣಾರ್ಥಿ.